ಮೋರಿಯೊಂದನ್ನು ಬಿಟ್ಟು ಉಳಿದದ್ದೆಲ್ಲ

ನಮ್ಮ ವಾರ್ಡಿನಲ್ಲಿ ಟೆಂಡರಿಲ್ಲದೆ, ಅನುದಾನವಿಲ್ಲದೆ, ಮೇಲಿನವರ ಸಹಿಯಿಲ್ಲದೆ ಯಾವ ಕೆಲಸವೂ ಆಗುವುದಿಲ್ಲ. ನಗೆಪಾಟಲು ಮಾತ್ರ ಇದ್ಯಾವುದನ್ನೂ ಕೇಳದೆ ವಾರವಾರ ತಾನಾಗಿ ಆಗಿಬಿಡುತ್ತದೆ. ವಾರ್ಡ್ ಎಂಜಿನಿಯರ್ ಆಗಿ ನಾನು ಅದನ್ನು ತಡೆಯಲು ನೋಡಿ ಸೋತಿದ್ದೇನೆ. ಈಗೀಗ ಸುಮ್ಮನೆ ನಿಂತು ನೋಡುತ್ತೇನೆ. ಸಂಜೆ ಮನೆಗೆ ಬಂದು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ಗಂಡನಿಗೆ ಹೇಳಿ ನಗುತ್ತೇನೆ. ಅವರು ನಗುವುದಿಲ್ಲ. ಅವರೂ ಸರ್ಕಾರಿ ನೌಕರರು.

ನನ್ನ ವಾರ್ಡು ಬೆಂಗಳೂರಿನ ಹೂಡಿ, ಪಟ್ಟಂದೂರು ಅಗ್ರಹಾರದ ಆಸುಪಾಸಿನದು. ಒಂದು ಕಡೆ ಗಾಜಿನ ಕಟ್ಟಡಗಳು, ಇನ್ನೊಂದು ಕಡೆ ಅವನ್ನು ಕಟ್ಟಿದವರು ಬಾಡಿಗೆಗಿರುವ ಶೀಟಿನ ಮನೆಗಳು, ನಡುವೆ ಹಳೇ ಊರು. ಇಷ್ಟಕ್ಕೂ ಸೇರಿ ನನ್ನ ಕೈಯಲ್ಲಿರುವುದು ಕೂಲಿಯವರ ಒಂದು ಗ್ಯಾಂಗು, ಒಂದು ಟ್ರ್ಯಾಕ್ಟರು, ಒಂದು ಕಾಂಕ್ರೀಟ್ ಮಿಕ್ಸರು, ಗಂಟೆ ಲೆಕ್ಕದ ಬಾಡಿಗೆಗೆ ಬರುವ ಒಂದು ಜೆಸಿಬಿ. ಇವು ಇಲ್ಲಿದ್ದರೆ ಅಲ್ಲಿಲ್ಲ, ಅಲ್ಲಿದ್ದರೆ ಇಲ್ಲಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಎಂಜಿನಿಯರಿಂಗ್ ಓದಬೇಕಿಲ್ಲ. ಆದರೆ ಇದನ್ನು ಇನ್ನೊಬ್ಬರಿಗೆ ಅರ್ಥ ಮಾಡಿಸುವುದರಲ್ಲೇ ನನ್ನ ಅರ್ಧ ಸರ್ವೀಸು ಕಳೆಯಿತು.

ಹಳೇ ಊರಿನ ಹಿಂದಿನ ಗಲ್ಲಿಯಲ್ಲಿ ಒಂದು ಅಂಗನವಾಡಿ ಇದೆ. ಕಟ್ಟಿದಾಗ ಅದು ರಸ್ತೆಗಿಂತ ಎತ್ತರದಲ್ಲೇ ಇತ್ತಂತೆ. ಆಮೇಲೆ ಪ್ರತಿ ಚುನಾವಣೆಗೂ ರಸ್ತೆಗೆ ಒಂದೊಂದು ಪದರ ಡಾಂಬರು ಬಿದ್ದು ರಸ್ತೆ ಬೆಳೆಯಿತು, ಅಂಗನವಾಡಿ ಇದ್ದಲ್ಲೇ ಉಳಿಯಿತು. ಈಗ ಮಳೆ ಬಂದರೆ ಗಲ್ಲಿಯ ನೀರೆಲ್ಲ ಅದರ ಬಾಗಿಲಿಗೆ. ಅಲ್ಲಿಗೆ ಬೇಕಾಗಿದ್ದುದು ನೀರನ್ನು ಗಲ್ಲಿಯ ಕೊನೆಯ ದೊಡ್ಡ ಮೋರಿಗೆ ಒಯ್ಯುವ ಒಂದು ಮೋರಿ, ಅಷ್ಟೇ. ಪ್ರತಿ ಮಳೆಗಾಲ ಮಹಿಳಾ ಮತ್ತು ಮಕ್ಕಳ ಇಲಾಖೆಯ ಸೂಪರ್‌ವೈಸರ್ ಬಂದು ಸೀರೆ ನೆರಿಗೆ ಎತ್ತಿ ಹಿಡಿದು ಒಳಗೆ ಇಣುಕಿ, "ಹೀಗೇ ಆದ್ರೆ ಈ ಸೆಂಟರ್ ಮುಚ್ಚಿ ಮೇನ್ ರೋಡ್ ಆಚೆ ಇರೋದಕ್ಕೆ ಸೇರಿಸ್ತೀವಿ" ಎಂದು ಹೇಳಿಹೋಗುತ್ತಿದ್ದರು. ಸೇರಿಸಿದರೆ ಕಥೆ ಮುಗಿಯಿತು. ಅಲ್ಲಿಗೆ ಬರುವವು ಕಟ್ಟಡ ಕೆಲಸದವರ ಮಕ್ಕಳು. ಬೆಳಿಗ್ಗೆ ಕೆಲಸಕ್ಕೆ ಓಡುವ ತಾಯಂದಿರು ಲಾರಿಗಳ ನಡುವೆ ಆ ರಸ್ತೆ ದಾಟಿ ಮಕ್ಕಳನ್ನು ಬಿಟ್ಟುಬರುವುದು ಆಗದ ಮಾತು. ಮಕ್ಕಳು ಜಲ್ಲಿ ರಾಶಿಯ ಪಕ್ಕದಲ್ಲೇ ದಿನ ಕಳೆಯಬೇಕು. ನಮ್ಮ ಗ್ಯಾಂಗಿನ ಮೇಸ್ತ್ರಿ ಯಾದಗಿರಿ ಕಡೆಯವನು. ಅವನ ಕಿರಿ ಮಗಳೂ ಇದೇ ಅಂಗನವಾಡಿಯಲ್ಲಿದ್ದಳು. ಊರಿಗೆಲ್ಲ ಮೋರಿ ತೋಡುವವನಿಗೆ ತನ್ನ ಮಗಳ ಬಾಗಿಲಿಗೆ ತೋಡಲು ಬಿಡುವಿಲ್ಲ.

ಅಂಗನವಾಡಿ ಟೀಚರ್ ನನ್ನನ್ನು ಕಂಡಾಗಲೆಲ್ಲ ನಮಸ್ಕಾರದ ಬದಲು, "ಮೇಡಂ, ನಮ್ಮ ಮೋರಿ?" ಎನ್ನುತ್ತಿದ್ದರು. ನಾನು ನಮಸ್ಕಾರದ ಬದಲು, "ಇದೊಂದು ಮುಗೀಲಿ ಟೀಚರ್" ಎನ್ನುತ್ತಿದ್ದೆ.

ಕಮಾನು

ಮೊದಲು ಮುಗಿಯಬೇಕಾಗಿದ್ದುದು ಕಮಾನು.

ಊರ ಬಾಗಿಲಿಗೆ ಸ್ವಾಗತ ಕಮಾನು ಬೇಕೆಂದು ಮಾಜಿ ಮೆಂಬರ್ರು ಹಟ ಹಿಡಿದರು. ಅವರು ಹಳೇ ಊರಿನವರು. ಅಧಿಕಾರ ಹೋಗಿ ಬಹಳ ಕಾಲವಾಗಿದ್ದರೂ ಬಿಳೀ ಪಂಚೆಯ ಗರಿ ಹೋಗಿಲ್ಲ. ಮೋರಿಯ ಅಂದಾಜುಪಟ್ಟಿ ಹಿಡಿದು ನಾನು ಅವರ ಮನೆಗೆ ಹೋದೆ. ಕಾಫಿ ಕೊಡಿಸಿದರು.

"ಮೇಡಂ, ಮೋರಿ ಮಾಡುದ್ರೆ ಯಾರಿಗ್ ಕಾಣ್ತದೆ? ಮೇಲೆ ಚಪ್ಪಡಿ ಆಕ್ತೀರಾ, ಮುಚ್ಚೋಯ್ತದೆ. ಕಮಾನಾದ್ರೆ ಬಸ್ಸಲ್ ಓಗೋರ್ಗೂ ಕಾಣ್ತದೆ."

"ಸಾರ್, ಅಂಗನವಾಡಿಗೆ ನೀರು ನುಗ್ಗತ್ತೆ."

"ನುಗ್ಗೋದು ಮಳೇಲಿ ತಾನೆ? ಕಮಾನು ವರ್ಷಪೂರ್ತಿ ಇರ್ತದೆ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಆ ಮಾತನ್ನು ಕಾಫಿಯ ಜೊತೆ ನುಂಗಿಕೊಂಡು ಎದ್ದು ಬಂದೆ.

ಕಮಾನು ಎದ್ದಿತು. ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಎರಡು ಆನೆ, ಎರಡು ನವಿಲು, ನಡುವೆ ದೊಡ್ಡ ಅಕ್ಷರದಲ್ಲಿ "ಸುಸ್ವಾಗತ". ಎತ್ತರವನ್ನೂ ನಾನೇ ನಿಂತು ಅಳೆಸಿದ್ದೆ. ಜೆಸಿಬಿ ಆರಾಮವಾಗಿ ದಾಟುವಷ್ಟಿತ್ತು. ಆದರೆ ಉದ್ಘಾಟನೆಗೆ ಬರುವ ದೊಡ್ಡವರ ಕಾರು ಕುಲುಕಬಾರದೆಂದು ಹಿಂದಿನ ದಿನ ನನಗೆ ಹೇಳದೆ ಕಮಾನಿನ ಕೆಳಗೆ ದಪ್ಪನಾಗಿ ಡಾಂಬರು ಹಾಕಿಸಿಬಿಟ್ಟಿದ್ದರು. ಕಾರು ಕುಲುಕಲಿಲ್ಲ, ದೊಡ್ಡವರು ಸಂತೋಷಪಟ್ಟರು, ಲಾಡು ಹಂಚಿದರು.

ಮುಂದಿನ ವಾರ ನಾನು ಮೋರಿ ತೋಡಿಸಲು ಜೆಸಿಬಿ ತರಿಸಿದೆ. ಅದು ಕೈ ಮಡಚಿಕೊಂಡು, ತಲೆ ತಗ್ಗಿಸಿಕೊಂಡು, ಮೆಲ್ಲಗೆ ಬಂದು ಕಮಾನಿನ ಮುಂದೆ ನಿಂತುಬಿಟ್ಟಿತು. ಒಂದು ಗೇಣು ಸಾಲದು. ಟೈರಿನ ಗಾಳಿ ಇಳಿಸಿ ನೋಡಿದೆವು, ಆಗಲೂ ಸಾಲದು. ಊರಿಗೆ ಇನ್ನೊಂದು ದಾರಿಯಿದೆ. ಅಲ್ಲಿ ಮನೆಮನೆಯ ಮೆಟ್ಟಿಲೂ ಬೀದಿಗೆ ಇಳಿದು ಬೈಕಷ್ಟೇ ನುಸುಳುತ್ತದೆ. ಕೊನೆಗೆ ಜೆಸಿಬಿ ಬಂದ ದಾರಿಗೇ ವಾಪಸು ಹೋಯಿತು.

ಮೇಸ್ತ್ರಿ ತಲೆಯ ಟವೆಲ್ ಬಿಚ್ಚಿ ಕೊಡವಿ ಮೇಲೆ ನೋಡಿದ. "ಏನ್ರಿ ಮೇಡಂ, ಮ್ಯಾಲ ಸುಸ್ವಾಗತ ಅಂತ ಬರದಾರ, ಕೆಳಗ ಒಳಗ ಬಿಡವಲ್ರು."

ಅರ್ಧ ಅರ್ಧ

ಜೆಸಿಬಿ ಇಲ್ಲವೆಂದ ಮೇಲೆ ಮೋರಿಯನ್ನು ಕೈಯಲ್ಲೇ ತೋಡಬೇಕು. ಅಂದರೆ ಗ್ಯಾಂಗು ಪೂರ್ತಿ ಬೇಕು. ಅಷ್ಟರಲ್ಲಿ ವಾರ್ಡ್ ಸಭೆ ಬಂತು.

ಸಭೆಗೆ ರಸ್ತೆಯಾಚೆಯ ದೊಡ್ಡ ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ಬಂದಿದ್ದರು. ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಅವರಿಗೆ ಬೇಕಾಗಿದ್ದುದು ಫುಟ್‌ಪಾತು. ಅದರಲ್ಲಿ ತಪ್ಪೇನಿಲ್ಲ, ಅವರ ತಾಯಿ ದೇವಸ್ಥಾನಕ್ಕೆ ನಡೆದುಹೋಗುವಾಗ ಎಡವಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ನನಗೆ ಕಷ್ಟವಾಗುವುದು ಇಲ್ಲೇ. ಕಮಾನು ಕೇಳುವವರನ್ನು ಮನಸ್ಸಿನಲ್ಲಾದರೂ ಬೈದುಕೊಳ್ಳಬಹುದು. ಕೇಳಿದ್ದು ನ್ಯಾಯವೇ ಆಗಿದ್ದರೆ ಯಾರನ್ನು ಬೈಯುವುದು?

"ಫುಟ್‌ಪಾತ್ ಮೊದಲು" ಎಂದು ಅವರು, "ಮೋರಿ ಮೊದಲು" ಎಂದು ಟೀಚರ್. ನಾನು ಇಬ್ಬರ ನಡುವೆ, ಇತ್ತ ದರಿ ಅತ್ತ ಪುಲಿ. ಆಗ ಅಧ್ಯಕ್ಷರು ಲ್ಯಾಪ್‌ಟಾಪ್ ತೆಗೆದು ಗೋಡೆಯ ಮೇಲೆ ಒಂದು ಗೆರೆ ಬಿಡಿಸಿ ತೋರಿಸಿದರು. ಪಿಯುಸಿ ಓದುವ ನನ್ನ ಮಗಳ ಅರ್ಥಶಾಸ್ತ್ರದ ಪುಸ್ತಕದಲ್ಲೂ ಅಂಥದೇ ಒಂದು ಗೆರೆಯಿದೆ. ಉತ್ಪಾದನಾ ಸಾಧ್ಯತಾ ರೇಖೆ ಎಂದು ಹೆಸರು. ಇದು ಜಾಸ್ತಿ ಬೇಕೆಂದರೆ ಅದನ್ನು ಕಡಿಮೆ ಮಾಡಿಕೊಂಡು, ಗೆರೆಯ ಮೇಲೆ ಎಲ್ಲಿ ಬೇಕಾದರೂ ಜಾರಿಕೊಂಡು ಹೋಗಬಹುದು. ಪುಸ್ತಕದಲ್ಲಿ ಅದು ಎಷ್ಟು ನುಣುಪಾಗಿ ಬಾಗಿದೆ ಎಂದರೆ, ಬರೆದವರು ನಮ್ಮ ವಾರ್ಡಿಗೆ ಬಂದಿಲ್ಲವೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

"ಮೇಡಂ, ಯಾಕೆ ಒಂದಾದ್ಮೇಲೆ ಒಂದು ಅಂತೀರಾ? ಪ್ಯಾರಲಲ್ ಆಗಿ ಮಾಡಿ. ನಮ್ಮ ಟೀಮಲ್ಲಿ ನಾವು ಹಾಗೇ ಮಾಡೋದು. ಫಿಫ್ಟಿ ಫಿಫ್ಟಿ" ಎಂದರು ಅಧ್ಯಕ್ಷರು.

"ಸಾರ್, ಕಾಂಕ್ರೀಟ್ ಮಿಕ್ಸರ್ ಒಂದೇ ಇರೋದು."

"ಶೇರ್ ಮಾಡ್ಕೊಳ್ಳಿ."

ಸಭೆ ಚಪ್ಪಾಳೆ ತಟ್ಟಿತು. ಮಧ್ಯದಲ್ಲಿ ನಿಂತು ಬೇಡವೆನ್ನುವ ಶಕ್ತಿ ನನ್ನಲ್ಲಿರಲಿಲ್ಲ.

ಶೇರ್ ಮಾಡಿಕೊಂಡೆವು. ಬೆಳಿಗ್ಗೆ ಮಿಕ್ಸರ್ ಅಲ್ಲಿ, ಮಧ್ಯಾಹ್ನ ಇಲ್ಲಿ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಹೂಡಿ ಸಿಗ್ನಲ್ಲು. ಟ್ರ್ಯಾಕ್ಟರಿನ ಹಿಂದೆ ಮಿಕ್ಸರ್ ಕಟ್ಟಿಕೊಂಡು, ಆ ಟ್ರಾಫಿಕ್ಕಿನಲ್ಲಿ ಬುತ್ತಿ ಬಿಚ್ಚಿ ಉಂಡು, ಕೈ ತೊಳೆದು, ಒಂದು ನಿದ್ದೆ ತೆಗೆದು ಗ್ಯಾಂಗು ಇಲ್ಲಿಗೆ ತಲುಪುವಷ್ಟರಲ್ಲಿ ಮನೆಗೆ ಹೋಗುವ ಹೊತ್ತಾಗುತ್ತಿತ್ತು. ಮರುದಿನ ಇಲ್ಲಿಂದ ಅಲ್ಲಿಗೆ. ಫುಟ್‌ಪಾತು ಒಂದು ವಿದ್ಯುತ್ ಕಂಬದವರೆಗೆ ಬಂದು ಅದಕ್ಕೆ ಮುತ್ತಿಟ್ಟು ನಿಂತಿತು. ಮೋರಿ ಎರಡೂ ಕಡೆ ದಾರಿಯಿಲ್ಲದೆ ನಡುವೆ ಒಂದು ಉದ್ದ ಗುಂಡಿಯಾಯಿತು. ಒಂದು ಮಳೆಗೆ ಅದು ತುಂಬಿ, ಮಕ್ಕಳು ಬಿದ್ದಾರೆಂದು ಹೆದರಿ, ತೋಡಿದ ಗ್ಯಾಂಗಿನ ಕೈಯಲ್ಲೇ ಅದನ್ನು ಮುಚ್ಚಿಸಿದೆ. ಆ ದಿನ ಮೇಸ್ತ್ರಿ ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಕೇಳಿದರು, "ಏನ್ ಮೇಸ್ತ್ರಿ, ಸ್ಟೇಟಸ್ ಏನು?"

ಮೇಸ್ತ್ರಿ ಕೈಕಟ್ಟಿ ನಿಂತು, "ಫಿಫ್ಟಿ ಅಲ್ಲಿ ಆಗ್ಯಾದ್ರಿ, ಫಿಫ್ಟಿ ಇಲ್ಲಿ ಆಗಿತ್ರಿ" ಎಂದ.

"ವೆರಿ ಗುಡ್! ಅಲ್ಲಿಗೆ ಟೋಟಲ್ ಹಂಡ್ರೆಡ್!"

ಮಾರ್ಚಿನ ಬೆಂಚು

ಮಾರ್ಚ್ ತಿಂಗಳೆಂದರೆ ನಮಗೆ ಶ್ರಾದ್ಧದ ಊಟವಿದ್ದ ಹಾಗೆ. ಹಸಿವಿರಲಿ ಬಿಡಲಿ, ಎಲೆಗೆ ಬಿದ್ದದ್ದನ್ನು ಮುಗಿಸಿ ಏಳಬೇಕು. ಬಿಟ್ಟರೆ ಅನುದಾನ ವಾಪಸು. ಆ ವರ್ಷ ಮಾರ್ಚ್ ಕೊನೆಗೆ ದಿಢೀರನೆ ನಮಗೆ ಬಂದದ್ದು ಬೆಂಚುಗಳ ಅನುದಾನ. ಸಿಮೆಂಟಿನ ಬೆಂಚು, ಬೆನ್ನಿಗೆ ಕೊಟ್ಟವರ ಹೆಸರು. ಇದನ್ನು ಮೋರಿಗೆ ಬಳಸಬಹುದೇ ಎಂದು ಮೇಲಿನ ಕಚೇರಿಗೆ ಫೋನು ಮಾಡಿದೆ.

"ಮೇಡಂ, ಬೆಂಚಿನ ದುಡ್ಡು ಬೆಂಚಿಗೆ. ಇಷ್ಟು ವರ್ಷ ಸರ್ವೀಸ್ ಮಾಡಿ ಇದನ್ನ ಕೇಳ್ತೀರಲ್ಲ" ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎನ್ನುವುದು ಇದಕ್ಕೇ. ಬೆಂಚುಗಳು ಲಾರಿಯಲ್ಲಿ ಬಂದಿಳಿದವು. ಇಡಲು ಜಾಗ ಹುಡುಕುವುದೇ ತಿಂಗಳು ಮುಗಿಯುವವರೆಗೆ ಗ್ಯಾಂಗಿನ ಕೆಲಸ. ಬಸ್ ಸ್ಟಾಪಿನಲ್ಲಿ ಇಟ್ಟೆವು. ಟ್ರಾನ್ಸ್‌ಫಾರ್ಮರಿನ ಅಡಿಯಲ್ಲಿ ಇಟ್ಟೆವು. ಅಲ್ಲಿ ಕೂತವರು ಗುಂಯ್ ಎನ್ನುವ ಸದ್ದಿಗೆ ಐದು ನಿಮಿಷದಲ್ಲೇ ಏಳುತ್ತಾರೆ. ಕಾಂಪೌಂಡ್ ಗೋಡೆಗೆ ಮುಖ ಮಾಡಿ ಇಟ್ಟೆವು. ಕೊನೆಗೆ ಮಾಜಿ ಮೆಂಬರ್ರ ಸಲಹೆಯ ಮೇರೆಗೆ ಸ್ಮಶಾನದೊಳಗೂ ಒಂದು ಸಾಲು ಹಾಕಿದೆವು. ಅಲ್ಲಿರುವವರೆಲ್ಲ ಮಲಗಿಯೇ ಇರುವವರು.

ಇನ್ನೂ ಉಳಿದವು. ಆಗ ಟೀಚರ್ ತಾವಾಗಿಯೇ ಬಂದು, "ಮೇಡಂ, ನಮಗೆ ಕೊಡಿ" ಎಂದರು.

ನನಗೆ ಆಶ್ಚರ್ಯವಾಯಿತು. ಅಷ್ಟು ಪುಟ್ಟ ಮಕ್ಕಳಿಗೆ ಅಷ್ಟು ಎತ್ತರದ ಬೆಂಚು ಯಾಕೆ? ಕೇಳಿದರೆ ಹೇಳಲಿಲ್ಲ. ಕೊಟ್ಟೆ. ಒಳಗೆ ಗೋಡೆಯುದ್ದಕ್ಕೂ ಹಾಕಿಸಿಕೊಂಡರು.

ಏಪ್ರಿಲಿನಲ್ಲಿ ಒಂದು ಜೋರು ಮಳೆ ಬಿತ್ತು. ನಾನು ಕೊಡೆ ಹಿಡಿದು ಓಡಿದೆ. ಒಳಗೆ ಕಣಕಾಲುದ್ದ ಕೆಂಪು ನೀರು. ಬೆಂಚಿನ ಮೇಲೆ ಮಕ್ಕಳೆಲ್ಲ ಸಾಲಾಗಿ ಕಾಲು ಇಳಿಬಿಟ್ಟು ಕೂತು ಉಪ್ಪಿಟ್ಟು ತಿನ್ನುತ್ತಿದ್ದವು. ಟೀಚರ್ ನೀರಿನಲ್ಲಿ ನಿಂತು ಬಡಿಸುತ್ತಿದ್ದರು. ನನಗೆ ಅಳು ಬಂದುಬಿಟ್ಟಿತು. ಅಳಲು ಹೊತ್ತಲ್ಲದ ಹೊತ್ತು, ಹಿಂದೆಯೇ ಬೆಂಚಿನ ಫೋಟೋ ತೆಗೆಯಲು ಕಚೇರಿಯವರು ಬಂದಿದ್ದರು. "ಸೂಪರ್ ಮೇಡಂ, ಇಷ್ಟು ಚೆನ್ನಾಗಿ ಯಾರೂ ಬೆಂಚು ಯೂಸ್ ಮಾಡಿಲ್ಲ" ಎಂದು ಫೋಟೋ ಹೊಡೆದುಕೊಂಡರು.

ಟೀಚರ್ ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. "ಮೇಡಂ, ಮುಂದಿನ ಮಾರ್ಚಲ್ಲಿ ದೋಣಿಗೇನಾದ್ರೂ ಅನುದಾನ ಬಂದ್ರೆ ನಮ್ಮನ್ನ ಮರೀಬೇಡಿ."

ಗುದ್ದಲಿ ಪೂಜೆ

ಆ ಮಳೆಯ ಸುದ್ದಿ ಸೂಪರ್‌ವೈಸರ್‌ಗೂ ಮುಟ್ಟಿತು. ಈ ಸಲ ಅವರು ಇಣುಕಲಿಲ್ಲ, ಒಳಗೆ ಬಂದರು. "ಇದೇ ಕಡೇ ಮಾತು. ಈ ಮಳೆಗಾಲದಲ್ಲಿ ನೀರು ಬಂದ್ರೆ ಮುಚ್ಚೋಕೆ ಬರೀತೀನಿ" ಎಂದರು. ಕೆಟ್ಟವರೇನಲ್ಲ. ನೀರಿನಲ್ಲಿ ಮಕ್ಕಳನ್ನು ಕೂರಿಸಿ ಏನಾದರೂ ಆದರೆ ಅವರ ತಲೆಗೆ ಬರುತ್ತದೆ.

ನಾನು ಹಟ ಮಾಡಿ ಮೋರಿಗೆ ಮಂಜೂರಾತಿ ತಂದೆ. ಮಂಜೂರಾತಿ ಬಂದ ಮೇಲೆ ಗುದ್ದಲಿ ಪೂಜೆ ಆಗಬೇಕಲ್ಲ. ಮಾಜಿ ಮೆಂಬರ್ರು ಬಂದು ಕಾಯಿ ಒಡೆದು, ಗುದ್ದಲಿ ಹಿಡಿದು ಮೂರು ಏಟು ಹಾಕಿದರು. ಶಾಮಿಯಾನ ಹಾಕುವುದು, ಜಾಗ ಸಮ ಮಾಡುವುದು, ಪೂಜೆಗೊಂದು ಗುಂಡಿ ಮೊದಲೇ ತೋಡಿ ಸಡಿಲ ಮಣ್ಣು ತುಂಬಿಡುವುದು, ಎಲ್ಲ ಗ್ಯಾಂಗಿನ ಕೆಲಸ. ದೊಡ್ಡವರ ಗುದ್ದಲಿ ಗಟ್ಟಿ ನೆಲಕ್ಕೆ ಬಿದ್ದು ಕೈ ಝುಂ ಎನ್ನಬಾರದು ನೋಡಿ. ಪೂಜೆಯ ಮರುದಿನವೇ ಗ್ಯಾಂಗನ್ನು ಬೇರೆ ತುರ್ತಿಗೆ ಎಳೆದುಕೊಂಡರು.

ಮಾಜಿ ಮೆಂಬರ್ರು ಪೂಜೆ ಮಾಡಿದರೆಂದು ತಿಳಿದು ಎದುರು ಪಕ್ಷದ ಮುಖಂಡರಿಗೆ ಸಿಟ್ಟು ಬಂತು. ಅವರದೂ ಒಂದು ಪೂಜೆ ಆಗಬೇಕು. ಮತ್ತೆ ಗ್ಯಾಂಗು ಬಂತು, ಶಾಮಿಯಾನ ಹಾಕಿತು, ಗುಂಡಿ ತೋಡಿತು, ಹೋಯಿತು. ಆಮೇಲೆ ಅವರ ಪಕ್ಷದೊಳಗಿನ ಇನ್ನೊಂದು ಗುಂಪು. ಆಮೇಲೆ ಯುವಕ ಸಂಘ. ಗಲ್ಲಿಯಲ್ಲಿ ಯಾರ ಮನೆಯಲ್ಲೂ ತೆಂಗಿನಕಾಯಿ ಕೊಳ್ಳುವ ಪ್ರಮೇಯವೇ ಇಲ್ಲವಾಯಿತು; ಎಲ್ಲರ ಅಡುಗೆಗೂ ಪೂಜೆಯ ಹೋಳು.

ಒಂದು ಸಂಜೆ ನಾನು ಗಲ್ಲಿಗೆ ಹೋದಾಗ ಕಂಡದ್ದು ವಿಚಿತ್ರವಾಗಿತ್ತು. ಪೂಜೆಯ ಗುಂಡಿಗಳು ಒಂದೇ ಜಾಗದಲ್ಲಿರಲಿಲ್ಲ. ಮೊದಲನೆಯದು ಅಂಗನವಾಡಿಯ ಬಾಗಿಲಲ್ಲಿ, ಎರಡನೆಯದು ಅದಕ್ಕೆ ತಾಗಿ ಸ್ವಲ್ಪ ಮುಂದೆ, ಮೂರನೆಯದು ಇನ್ನೂ ಮುಂದೆ. ಪ್ರತಿಯೊಂದೂ ಪೂಜೆಗೆ ಬೇಕಾದ್ದಕ್ಕಿಂತ ತುಸು ಆಳ, ಬೇಕಾದ್ದಕ್ಕಿಂತ ಬಹಳ ಉದ್ದ. ಎಲ್ಲವೂ ಇಳಿಜಾರಿನ ದಿಕ್ಕಿಗೆ, ದಾರ ಹಿಡಿದ ಹಾಗೆ ನೆಟ್ಟಗೆ.

ನಾನು ಶಾಮಿಯಾನ ಬಿಚ್ಚುತ್ತಿದ್ದ ಮೇಸ್ತ್ರಿಯ ಕಡೆ ನೋಡಿದೆ. ಅವನು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ.

"ಮೇಡಂ, ಮೋರಿಗಿ ಅಂದ್ರ ಗ್ಯಾಂಗ್ ಬಿಡಂಗಿಲ್ಲ, ಪೂಜಿಗಿ ಅಂದ್ರ ಬಿಡ್ತಾರ. ಇನ್ನೊಂದು ನಾಕು ಪೂಜಿ ಹಚ್ಚಿಕೊಡ್ರಿ, ದೊಡ್ಡ ಮೋರಿಗಿ ಮುಟ್ಟಿಸಿಬಿಡ್ತೀನಿ."

ಕಾರಂಜಿ

ನಾಲ್ಕು ಪೂಜೆ ಹಚ್ಚುವಷ್ಟರಲ್ಲಿ ಕಾರಂಜಿ ಬಂತು. ಮೋರಿಗೆ ಮಂಜೂರಾಗಿದ್ದ ಹಣ, ಗ್ಯಾಂಗು, ಮಿಕ್ಸರು, ಮರಳು, ಎಲ್ಲವನ್ನೂ ಐಟಿ ಪಾರ್ಕಿನ ಮುಂದಿನ ಸರ್ಕಲ್ಲಿಗೆ ತಿರುಗಿಸಬೇಕೆಂದು ಆದೇಶ. ಪರದೇಶದಿಂದ ಯಾರೋ ಬರುತ್ತಾರಂತೆ, ಸರ್ಕಲ್ಲು ಬೋಳಾಗಿ ಕಾಣಬಾರದಂತೆ. ನಮ್ಮ ಗಲ್ಲಿಯಲ್ಲಿ ನೀರು ಬೇಡವೆಂದರೂ ಬರುತ್ತದೆ; ಆ ಸರ್ಕಲ್ಲಿನಲ್ಲಿ ಹುಡುಕಿದರೂ ಹನಿ ನೀರಿಲ್ಲ. ಕಾರಂಜಿಗೆ ದಿನಾ ಟ್ಯಾಂಕರಿನಲ್ಲಿ ತರಿಸಿ ತುಂಬಿಸುವುದೆಂದು ತೀರ್ಮಾನವಾಯಿತು.

ನಾನು ಬರೆದು ಕಳಿಸಿದ ಆಕ್ಷೇಪಣೆಗೆ ಉತ್ತರ ಬರಲಿಲ್ಲ. ಎರಡನೇ ಸಲ ಬರೆಯುವ ಹುರುಪು ನನ್ನಲ್ಲಿರಲಿಲ್ಲ. ದಣಿವು ಎನ್ನುವುದು ಕಾಲಿನಿಂದ ಶುರುವಾಗಿ ಒಂದು ವಯಸ್ಸಿನ ಮೇಲೆ ಕೈಗೂ ಬರುತ್ತದೆ.

ಉದ್ಘಾಟನೆಗೆ ಹೂ ಹಿಡಿದು ನಿಲ್ಲಲು ಮಕ್ಕಳು ಬೇಕೆಂದರು. ಟೀಚರ್ ಅಂಗನವಾಡಿಯ ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಕರೆತಂದು ಸಾಲಾಗಿ ನಿಲ್ಲಿಸಿದರು. ಮುಖ್ಯ ಅತಿಥಿಗಳು ದೊಡ್ಡ ಹುದ್ದೆಯವರು, ಒಳ್ಳೆಯ ನಗುಮುಖ. ಸ್ವಿಚ್ಚು ಒತ್ತಿದರು. ಕಾರಂಜಿ ಬುಸ್ಸೆಂದು ಎದ್ದಿತು, ಬಣ್ಣದ ದೀಪ ಹತ್ತಿತು. ಮಕ್ಕಳು ಬಾಯಿ ತೆರೆದು ನೋಡಿದವು. ಅತಿಥಿಗಳಿಗೆ ಖುಷಿಯಾಗಿ, ಬಾಗಿ, ಕ್ಯಾಮೆರಾಗಳ ಮುಂದೆ ಕೇಳಿದರು:

"ಹೇಳಿ ಪುಟಾಣಿಗಳಾ, ಇದೇನು?"

ಅಂಗನವಾಡಿಯಲ್ಲಿ ಇದು ದಿನದ ಪಾಠ. ಟೀಚರ್ ಚಾರ್ಟಿನ ಮೇಲೆ ಕೋಲಿಟ್ಟು ಇದೇನು ಎನ್ನಬೇಕು, ಇವು ಒಟ್ಟಿಗೆ ಕೂಗಬೇಕು. ಕೂಗಿದವು.

"ನಮ್ಮ ಮೋರಿ!"

ಅತಿಥಿಗಳು ನಕ್ಕರು. ಮಕ್ಕಳು ಗಾಬರಿಗೊಂಡಿವೆ ಎಂದುಕೊಂಡು ದೂರದ ಕಮಾನನ್ನು ತೋರಿಸಿ, "ಸರಿ, ಅದೇನು?" ಎಂದರು.

"ನಮ್ಮ ಮೋರಿ!"

ಬಸ್ ಸ್ಟಾಪಿನ ಬೆಂಚು ತೋರಿಸಿದರು. "ಅದು?"

"ನಮ್ಮ ಮೋರಿ!" ಮೇಸ್ತ್ರಿಯ ಮಗಳದೇ ಎಲ್ಲರಿಗಿಂತ ದೊಡ್ಡ ಗಂಟಲು.

ಮಾಜಿ ಮೆಂಬರ್ರು ನುಗ್ಗಿ ಬಂದು, "ಸಾರ್, ಬಿಸ್ಲು ಜಾಸ್ತಿ, ಮಕ್ಳಿಗ್ ತಲೆ ತಿರ್ಗೈತೆ" ಎಂದರು. ಟೀಚರ್ ಬಿಳಿಚಿಕೊಂಡು ನನ್ನ ತೋಳು ಹಿಡಿದರು. "ದೇವ್ರಾಣೆ ಮೇಡಂ, ನಾನು ಹೇಳ್ಕೊಟ್ಟಿಲ್ಲ. ಏನು ಕಟ್ಟಿದ್ರೂ 'ಟೀಚರ್, ಅದೇನು' ಅಂತ ಕೇಳ್ತಾವೆ. ನಂಗೆ ಹೊಟ್ಟೆ ಉರಿ, 'ಅದಾ? ನಮ್ಮ ಮೋರಿ' ಅಂದ್ಬಿಡ್ತೀನಿ. ಅವು ಅದನ್ನೇ ಹೆಸ್ರು ಅಂದ್ಕೊಂಡಿವೆ."

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಒಂದನ್ನು ಮಾಡಿದ್ದರಿಂದ ಯಾವುದು ಕೈತಪ್ಪಿತೋ ಅದೇ ಅದರ ನಿಜವಾದ ಬೆಲೆ, ಅದಕ್ಕೆ ಅವಕಾಶ ವೆಚ್ಚವೆಂದು ಹೆಸರು ಎಂದು ಮಗಳ ಪುಸ್ತಕದಲ್ಲಿ ಒಂದು ಪಾಠವೇ ಇದೆ. ಅವಳು ಅದನ್ನು ಬಾಯಿಪಾಠ ಮಾಡಲು ಒದ್ದಾಡುತ್ತಿದ್ದಳು. ಇವಕ್ಕಿನ್ನೂ ಮೂಗು ಒರೆಸಿಕೊಳ್ಳಲು ಬರುವುದಿಲ್ಲ.

ಅತಿಥಿಗಳ ನಗು ಮಾತ್ರ ಮಾಯವಾಗಿತ್ತು. "ಏನ್ರೀ ಇದು? ಮೋರಿ ಅಂದ್ರೆ ಏನು ಅಂತ ಈ ಮಕ್ಕಳಿಗೆ ಯಾರೂ ತೋರಿಸೇ ಇಲ್ವಾ?" ಎಂದು ನಮ್ಮತ್ತ ತಿರುಗಿ ಗದರಿದರು.

ಹಿಂದಿನಿಂದ ಮೇಸ್ತ್ರಿ ತಣ್ಣಗೆ, "ತೋರ್ಸಾಕ ಒಂದರ ಇರಬೇಕಲ್ರಿ ಸಾಹೇಬ್ರ" ಎಂದ.

ಕಲಿಕಾ ಸಾಮಗ್ರಿ

ಅತಿಥಿಗಳು ಕಾರು ಹತ್ತುವ ಮುಂಚೆ ಒಂದು ಮಾತು ಹೇಳಿದರು: "ಮೊದಲು ಆ ಮಕ್ಕಳಿಗೆ ಮೋರಿ ಯಾವುದು ಅಂತ ಸರಿಯಾಗಿ ಕಲಿಸೋ ವ್ಯವಸ್ಥೆ ಮಾಡಿ."

ಬೈದು ಹೇಳಿದ ಮಾತು ಅದು. ಆದರೆ ದೊಡ್ಡವರ ಬಾಯಿಂದ ಬಂದರೆ ಬೈಗುಳವೂ ಆದೇಶವೇ. ಬಹಳ ವರ್ಷಗಳ ಮೇಲೆ ನನ್ನ ಕೈಗೆ ಹುರುಪು ಬಂತು. ಆವತ್ತು ಮಧ್ಯಾಹ್ನವೇ ಕೂತು ಬರೆದೆ: "ಮಾನ್ಯರ ಮೌಖಿಕ ಸೂಚನೆಯಂತೆ, ಅಂಗನವಾಡಿ ಮಕ್ಕಳಿಗೆ ಮೋರಿಯ ಪ್ರತ್ಯಕ್ಷ ಪರಿಚಯ ಮಾಡಿಸುವ ಸಲುವಾಗಿ, ಕೇಂದ್ರದ ಬಾಗಿಲಿನಿಂದ ದೊಡ್ಡ ಮೋರಿಯವರೆಗೆ ಒಂದು ಮಾದರಿ ಮೋರಿ."

ಮೇಲಿನವರು ಕನ್ನಡಕ ಏರಿಸಿ ಓದಿದರು. "ಮಾದರಿ ಅಂದ್ರೆ ಚಿಕ್ಕದು ಸಾಲ್ದಾ ಮೇಡಂ? ಮೇಜಿನ ಮೇಲಿಡೋ ಅಂಥದ್ದು?"

"ಮಕ್ಕಳು ನುಂಗಿಬಿಟ್ರೆ ಸಾರ್?" ಎಂದೆ.

ಅವರು ಯೋಚಿಸಿ ಒಪ್ಪಿದರು. ಆದರೆ ಮೋರಿಯ ಹಣ ಕಾರಂಜಿಗೆ ಹೋಗಿ ಆಗಿತ್ತು. ಕಲಿಸುವುದಕ್ಕಾಗಿ ಎಂದು ಬರೆದಿದ್ದರಿಂದ ಇದನ್ನು ಆಟ ಮತ್ತು ಕಲಿಕಾ ಸಾಮಗ್ರಿಯ ಬಾಬ್ತಿನಿಂದಲೇ ಭರಿಸಬೇಕು, ಅದಕ್ಕೆ ಟೀಚರ್ ಒಪ್ಪಿಗೆ ಬೇಕು ಎಂದರು. ಆ ಬಾಬ್ತಿನಲ್ಲಿ ಆ ವರ್ಷ ಆ ಕೇಂದ್ರಕ್ಕೆ ಮಂಜೂರಾಗಿದ್ದುದು ಒಂದೇ ಒಂದು, ಅಂಗಳಕ್ಕೆ ಕೆಂಪು ಬಣ್ಣದ ಜಾರುಬಂಡೆ. ಅದು ಬರುತ್ತದೆ ಬರುತ್ತದೆ ಎಂದು ಟೀಚರ್ ಮಕ್ಕಳಿಗೆ ಆಗಲೇ ಹೇಳಿ, ಚಿತ್ರ ಬರೆದು ತೋರಿಸಿದ್ದರಿಂದ ಅವು ಅದನ್ನು ಇಡುವ ಜಾಗದಲ್ಲಿ ದಿನಾ ಕ್ಯೂ ನಿಂತು ಅಭ್ಯಾಸ ಮಾಡುತ್ತಿದ್ದವು.

ಟೀಚರ್ ಪೆನ್ನು ಹಿಡಿದು ಅಂಗಳದ ಕಡೆ ನೋಡಿದರು. "ಎರಡೂ ಆಗಲ್ವಾ ಮೇಡಂ?" ಎಂದರು.

ನಾನು ಇಲ್ಲವೆಂದು ತಲೆಯಾಡಿಸಿದೆ. ಸಹಿ ಹಾಕಿದರು.

ಗ್ಯಾಂಗಿಗೆ ಹೇಳಬೇಕಾಗಿಯೇ ಇರಲಿಲ್ಲ. ಪೂಜೆಯ ಗುಂಡಿಗಳಿಂದ ಅರ್ಧ ದಾರಿ ಆಗಲೇ ಸಾಗಿತ್ತು. ಮೇಸ್ತ್ರಿ ಉಳಿದದ್ದನ್ನು ತೋಡಿಸಿ, ಕಲ್ಲು ಕಟ್ಟಿಸಿ, ಇಳಿಜಾರನ್ನು ಮತ್ತೆ ಮತ್ತೆ ನೀರು ಸುರಿದು ನೋಡಿ, ಚಪ್ಪಡಿ ಹಾಸಿದ. ನನ್ನ ಸರ್ವೀಸಿನಲ್ಲಿ ಅಷ್ಟು ಅಚ್ಚುಕಟ್ಟಾದ ಮೋರಿ ಇನ್ನೊಂದಿಲ್ಲ.

ಮಳೆಗಾಲ ಬಂತು. ರಾತ್ರಿಯೆಲ್ಲ ಸುರಿದು ಬೆಳಗಾದ ದಿನ ಸೂಪರ್‌ವೈಸರ್ ಬಂದೇಬಿಟ್ಟರು, ಮುಚ್ಚುವ ಕಾಗದ ಚೀಲದಲ್ಲಿಟ್ಟುಕೊಂಡು. ನಾನೂ ಮೇಸ್ತ್ರಿಯೂ ಟೀಚರೂ ಬಾಗಿಲಲ್ಲಿ ನಿಂತಿದ್ದೆವು. ಅವರು ಅಭ್ಯಾಸಬಲದಿಂದ ಸೀರೆ ನೆರಿಗೆ ಎತ್ತಿ ಹಿಡಿದು ಒಳಗೆ ಕಾಲಿಟ್ಟರು. ನೆಲ ಒಣಗಿತ್ತು. ನೆರಿಗೆ ಕೆಳಗೆ ಬಿಟ್ಟರು. ಅಂಗೈಯಲ್ಲಿ ನೆಲ ಮುಟ್ಟಿ ನೋಡಿದರು. ಹೊರಗೆ ಬಂದು, ಚಪ್ಪಡಿಯ ಸಂದಿನಲ್ಲಿ ಗಲ್ಲಿಯ ನೀರೆಲ್ಲ ಗಳಗಳ ಓಡುವುದನ್ನು ನೋಡಿ, "ಇನ್ನೇನ್ರೀ, ಸೆಂಟರ್ ಇಲ್ಲೇ ಇರ್ಲಿ ಬಿಡಿ" ಎಂದರು. ಮೇಸ್ತ್ರಿ ಟವೆಲಿನಿಂದ ಮುಖ ಒರೆಸಿಕೊಂಡ. ಟೀಚರ್ ಗೋಡೆಗೆ ಒರಗಿದರು.

ಸೂಪರ್‌ವೈಸರ್‌ಗೆ ಕಲಿಕಾ ಸಾಮಗ್ರಿಯ ಬಾಬ್ತು ನೆನಪಾಯಿತು. ಖರ್ಚು ಹಾಕಿದ ಮೇಲೆ ಮಕ್ಕಳು ಕಲಿತಿವೆಯೋ ಇಲ್ಲವೋ ಪರೀಕ್ಷಿಸಬೇಕಲ್ಲ. ಬೆಂಚಿನ ಮೇಲಿದ್ದ ಮಕ್ಕಳನ್ನೆಲ್ಲ ಬಾಗಿಲಿಗೆ ಕರೆದು, ಓಡುವ ನೀರಿನ ಕಡೆ ಕೈ ತೋರಿಸಿ, ಅಕ್ಕರೆಯಿಂದ ಕೇಳಿದರು:

"ಎಲ್ಲಿ, ಈಗ ಎಲ್ಲರೂ ಸರಿಯಾಗಿ ಹೇಳ್ಬೇಕು. ಇದೇನು?"

ಮಕ್ಕಳು ಎದೆಯುಬ್ಬಿಸಿ ಕೂಗಿದವು.

"ನಮ್ಮ ಜಾರುಬಂಡೆ!"